ಕಣ್ಣೂ ಅವಧಾನವೂ



ಕಣ್ಣೆದುರಿಗೆ ನಡೆದುದು ಕಂಡೇ ತೀರುವುದೆಂದು ನಾವೆಲ್ಲರೂ ನಂಬಿರುವೆವಷ್ಟೆ. ಈ ನಂಬಿಕೆಯು ಒಬ್ಬರನ್ನು ಸೆರೆಮನೆಯ ಬಾಗಿಲಿಗೆ ತಂದ ವೃತ್ತಾಂತವನ್ನು ತಮ್ಮಲ್ಲಿ ನಿವೇದಿಸುವೆನು.

ಅಮೆರಿಕದ ಬಾಸ್ಟನ್ ನಗರದಲ್ಲಿ 1995ನೆಯ ಇಸವಿ ಜನವರಿಯ ಒಂದು ರಾತ್ರಿ ಪೋಲೀಸರು ಆರೋಪಿಗಳನ್ನು ಬೆನ್ನಟ್ಟಿದ್ದರು. ಅವರಲ್ಲೊಬ್ಬರಾದ ಮೈಕೇಲ್ ಕಾಕ್ಸ್ ಎಂಬವರು ಕಪ್ಪು ವರ್ಣದವರು, ಮೈಮೇಲೆ ಸಮವಸ್ತ್ರವಿದ್ದಿಲ್ಲ. ಅಪರಾಧಿಯನ್ನೇ ನಿರೀಕ್ಷಿಸುತ್ತಿದ್ದ ಜೊತೆಯ ಪೋಲೀಸರು ಅವರಲ್ಲಿ ಅಪರಾಧಿಯನ್ನೇ ಕಂಡು, ಬೇಲಿಯ ಬಳಿ ನಿರ್ದಯವಾಗಿ ಥಳಿಸಿದರು. ಕೆನೆತ್ ಕಾನ್ಲಿ ಎಂಬ ಮತ್ತೊಬ್ಬ ಪೋಲೀಸರು ಅದೇ ಬೇಲಿಯನ್ನು ಹಾರಿ, ಓಡುತ್ತಿದ್ದ ನಿಜವಾದ ಆರೋಪಿಯನ್ನು ಹಿಡಿದರು. ಹೊಡೆತವನ್ನು ತಾವು ಕಾಣಲಿಲ್ಲವೆಂದು ಅವರು ಪ್ರಮಾಣಪೂರ್ವಕವಾಗಿ ನುಡಿದರು. ಅದು ಆಗ ನಡೆದಿದ್ದರೆ ತಮಗೆ ಕಾಣುತ್ತಿತ್ತೆಂದೂ ಹೇಳಿದರು! ಪಂಚರ ನಂಬಿಕೆಯೂ ಅದೇ ಆಗಿದ್ದುದರಿಂದ, 1998ರಲ್ಲಿ ಸುಳ್ಳು ಸಾಕ್ಷ್ಯದ ಅಪರಾಧಕ್ಕಾಗಿ ಅವರಿಗೆ 34 ತಿಂಗಳ ಸಜೆಯಾಯಿತು. ಬಹುಕಾಲದ ಮೇಲ್ಮನವಿಗಳ ತರುವಾಯ 2005ರಲ್ಲಿ ಆ ತೀರ್ಪು ನಿಲ್ಲದೆ ಹೋಯಿತು. ಆದರೆ ಅದಕ್ಕೆ ಕಾರಣವು ಪ್ರತಿವಾದಿಗೆ ತಿಳಿಸದೆ ಇಟ್ಟಿದ್ದ ಒಂದು ಸಾಕ್ಷ್ಯವೇ ಹೊರತು, ಕಣ್ಣಿನ ವಿಚಾರವಲ್ಲ.

ಕಣ್ಣಿನ ವಿಚಾರವನ್ನು ಪರೀಕ್ಷಿಸಿದವರು ಮನಶ್ಶಾಸ್ತ್ರಜ್ಞರಾದ ಷಾಬ್ರಿಸ್, ಸೈಮನ್ಸ್ ಮುಂತಾದವರು. 2011ರಲ್ಲಿ ಪ್ರಕಟವಾದ ಅವರ ಪ್ರಯೋಗದ ಕ್ರಮವು ಬಹು ಸರಳ. ಮುಂದೆ ಓಡುವವನು ಎಷ್ಟು ಸಲ ತಲೆಯನ್ನು ಮುಟ್ಟಿಕೊಳ್ಳುವನೆಂದು ಹಿಂದೆ ಓಡುವವನು ಎಣಿಸಬೇಕು. ದಾರಿಯ ಮಗ್ಗುಲಲ್ಲಿ ಇಬ್ಬರು ಕೂಡಿ ಒಬ್ಬನನ್ನು ಹೊಡೆಯುವಂತೆ ನಟಿಸುವರು, ಕೂಗಾಟವೂ ಉಂಟು. ರಾತ್ರಿಯಲ್ಲಿ ನೂರಕ್ಕೆ 35 ಮಂದಿ ಮಾತ್ರವೇ ಜಗಳವನ್ನು ಗಮನಿಸಿದರು. ಕತ್ತಲೆಯೇ ಕಾರಣವೆನ್ನೋಣವೆ? ಹಗಲಿನಲ್ಲಿಯೂ ಕಂಡವರು ನೂರಕ್ಕೆ 56 ಮಂದಿಯೆ. ಎಣಿಕೆಯನ್ನು ಬಿಡಿಸಿದಾಗ 72 ಆಯಿತು. ಎಡಗೈ ಬಲಗೈಗಳನ್ನು ಬೇರೆಬೇರೆಯಾಗಿ ಎಣಿಸಹೇಳಿದಾಗ 42ಕ್ಕೆ ಇಳಿಯಿತು. ಬೆಳಕು ಅದೇ, ಕಣ್ಣುಗಳಲ್ಲಿಯೂ ದೋಷವಿಲ್ಲ. ಮನಸ್ಸಿನ ಹೊರೆಯು ಮಾತ್ರ ಬೇರೆ. ಅಷ್ಟಾವಧಾನಿಗಳನ್ನು ಕಂಡು ನಾವು ಬೆರಗಾಗುವುದು ಸುಮ್ಮನೆಯಲ್ಲ. ಸಾಧಾರಣರಾದ ನಮಗೆ ಒಂದೂವರೆ ಅವಧಾನವೇ ಹೆಚ್ಚು.

ಹಾಗೆಂದು ಇದನ್ನು ಇಂದ್ರಿಯದ ಕೊರತೆಯೆಂದು ಹಳಿಯಲು ನಾನು ಒಪ್ಪಲಾರೆನು. ಎಲ್ಲವನ್ನೂ ಕಾಣುತ್ತ ನಿಂತವನಿಗೆ ಓಡುವ ಆರೋಪಿಯು ಸಿಕ್ಕುವುದುಂಟೆ? ಕಾನ್ಲಿಯವರು ನಿಜವಾಗಿ ಕಂಡರೋ ಇಲ್ಲವೋ ಎಂಬುದು ಈ ಪ್ರಯೋಗದಿಂದ ಸಿದ್ಧವಾಗಲಾರದು. ಬಳಿಯಲ್ಲಿಯೇ ಹಾದುಹೋದವನು ಕಾಣದಿರುವ ಸಂಭವವೂ ಉಂಟೆಂಬುದಷ್ಟೆ ಇದರಿಂದ ಗೊತ್ತಾಗುವುದು. 1998ರಲ್ಲಿ ತೀರ್ಪಿತ್ತ ಪಂಚರ ಮುಂದೆ ಈ ಅಂಕೆಗಳು ಇದ್ದಿಲ್ಲ.