ಹಳೆಬಟ್ಟೆಯ ಬಾಳು: ಮನೆಯಿಂದ ತೋಟದವರೆಗೆ



ಆನಂದಪುರ, ಸಾಗರ, ಹೊಸನಗರದ ಸೀಮೆಯಲ್ಲಿ ಭತ್ತ ತೆನೆಗಟ್ಟುವ ಹೊತ್ತಿಗೆ ಎಷ್ಟೋ ಗದ್ದೆಗಳ ಸುತ್ತ ಹಳೆ ಸೀರೆಗಳ ಬೇಲಿ ಏಳುತ್ತದೆ. ಕಾಡುಹಂದಿಯನ್ನು ತಡೆಯಲು ರೈತರು ಕಂಡುಕೊಂಡ ಅಗ್ಗದ ಉಪಾಯ ಅದು. ಹಳೆಬಟ್ಟೆಗೆ ಕೆಲಸ ಹಚ್ಚುವ ಜಾಣತನ ಮಾತ್ರ ಈ ಬೇಲಿಗಿಂತ ಬಹಳ ಹಿಂದಿನದು.

ಹತ್ತಿಬಟ್ಟೆಯೇ ಹೆಚ್ಚಾಗಿದ್ದ ಕಾಲದಲ್ಲಿ ಹರಿದ ಪಂಚೆ, ಸೀರೆಗಳಿಗೆ ಮನೆಯೊಳಗೇ ಬಡ್ತಿ, ವರ್ಗಾವಣೆ ಎಲ್ಲ ಇತ್ತು. ಉಟ್ಟು ಉಟ್ಟು ಮೆತ್ತಗಾದದ್ದು ಬಾಣಂತಿ ಕೋಣೆಗೆ, ಕೂಸಿನ ತೊಟ್ಟಿಲಿಗೆ. ಅಲ್ಲಿಂದ ಒಲೆಯ ಪಕ್ಕದ ಮಸಿಬಟ್ಟೆ, ಕೊನೆಗೆ ದೀಪದ ಬತ್ತಿ. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸುವ ಮೆಣಸಿನ ಎಳೆಬಳ್ಳಿಗೆ ಬಾಳೆನಾರು ಇಲ್ಲವೇ ಬಟ್ಟೆಪಟ್ಟಿಯೇ ಕಟ್ಟು. ಬಳ್ಳಿ ಬೇರು ಬಿಟ್ಟು ಮರವನ್ನು ಹಿಡಿದುಕೊಂಡ ಮೇಲೆ ಆ ಕಟ್ಟು ಮಳೆಗೆ ಕೊಳೆತು ತಾನೇ ಕಳಚುತ್ತದೆ. ಪ್ಲಾಸ್ಟಿಕ್ ಹಗ್ಗ ಹಾಗಲ್ಲ. ಬಿಚ್ಚಲು ಮರೆತರೆ ಬಳ್ಳಿಯನ್ನೇ ಕೊರೆಯುತ್ತದೆ.

ಸಾಗರದಿಂದ ಉತ್ತರಕ್ಕೆ, ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಸಮುದಾಯದ ಹೆಂಗಸರು ಇದೇ ಜಾಣ್ಮೆಯನ್ನು ಕಲೆಯ ಮಟ್ಟಕ್ಕೆ ಏರಿಸಿದರು. ಹಳೆಬಟ್ಟೆಯ ತುಂಡು ಜೋಡಿಸಿ ಮಾಡುವ ಅವರ ಕೌದಿಯ ಹೊಲಿಗೆ ಅಂಚಿನಲ್ಲಿ ಶುರುವಾಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಬಂಗಾಳದ ಕಾಂಥಾ ಹೊಲಿಗೆ ಕೂಡ ಹುಟ್ಟಿದ್ದು ಹಳೆ ಸೀರೆಯ ಪದರಗಳಿಂದಲೇ.

ಹತ್ತಿಯ ಕಾಲ ಹೀಗೇ ಉಳಿಯಲಿಲ್ಲ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ಮುಂದೆ ಅದು ಹಳ್ಳಿಯ ಸಂತೆಗೂ ಬಂತು. ಒಗೆಯಲು ಸುಲಭ, ಬಾಳಿಕೆ ಬಹಳ, ಬೆಲೆ ಕಡಿಮೆ. ಜನ ಮೆಚ್ಚಿದ್ದರಲ್ಲಿ ತಪ್ಪೇನಿಲ್ಲ. ಆದರೆ ನೀರು ಹೀರದ ಆ ಬಟ್ಟೆ ಒರೆಸಲೂ ಬಾರದು, ಬತ್ತಿಗೂ ಆಗದು, ಮಣ್ಣಿನಲ್ಲಿ ಕರಗುವುದೂ ಇಲ್ಲ. ಮನೆಯಲ್ಲಿ ಬಟ್ಟೆ ಎಂಬುದು ಕಸವಾದದ್ದು ಆಗಲೇ.

ಇದಕ್ಕೆ ಎದುರಾಗಿ ಸಾಗರ ತಾಲ್ಲೂಕಿನಲ್ಲೇ ಒಂದು ಪ್ರಯತ್ನ ನಡೆಯಿತು. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘ ಹುಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಮಗ್ಗಕ್ಕೆ ಕೂತರು. ನೇಯ್ದದ್ದು ‘ದೇಸಿ’ ಅಂಗಡಿಗಳ ಮೂಲಕ ನಗರ ಸೇರಿತು. ಇಲ್ಲಿ ನಿಂತು ನೋಡಬೇಕಾದ್ದು ಬಣ್ಣದ ಮನೆಯನ್ನು. ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸವೇ ಚೊಗರು. ಅದರಲ್ಲಿರುವ ಟ್ಯಾನಿನ್ ಹತ್ತಿಯ ಎಳೆಗೆ ಚೆನ್ನಾಗಿ ಕಚ್ಚುತ್ತದೆ. ಅಡಿಕೆಗೆ ಬಣ್ಣ ಕಟ್ಟಿ ಮಿಕ್ಕದ್ದು ಚರಕದಲ್ಲಿ ನೂಲಿಗೆ ಕೆಂಗಂದು ಬಣ್ಣವಾಯಿತು. ದಾಳಿಂಬೆ ಸಿಪ್ಪೆ ಹಳದಿ ಕೊಟ್ಟಿತು, ನೀಲಿ ಗಿಡ ನೀಲಿ ಕೊಟ್ಟಿತು. ಇಂಥ ಬಟ್ಟೆ ಸವೆದ ಮೇಲೆ ತೋಟಕ್ಕೆ ಹೋದರೂ ಮಣ್ಣಿಗೆ ಹೊರೆಯಲ್ಲ.

2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೆ ಬಟ್ಟೆಚೀಲದ ಮಾತು ಮತ್ತೆ ಕೇಳಿಬಂತು. ಆದರೆ ಅಂಗಡಿಯಲ್ಲಿ ಬಟ್ಟೆಯಂತೆಯೇ ಕಾಣುವ, ನೇಯದೆ ಒತ್ತಿ ಮಾಡಿದ ಚೀಲ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ.

ಹಾಗಾಗಿ ನೋಟವನ್ನೇ ನಂಬದೆ, ಹಳೆಬಟ್ಟೆಯನ್ನು ಗೊಬ್ಬರದ ಗುಂಡಿಗೋ ಗಿಡದ ಬುಡಕ್ಕೋ ಹಾಕುವ ಮೊದಲು ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂಥ ಕೃತಕ ನೂಲು. ಹತ್ತಿಯದನ್ನು ಮಣ್ಣಿಗೆ ಕೊಡಿ. ಪಾಲಿಯೆಸ್ಟರ್ ಸೀರೆ ಗದ್ದೆಯ ಬೇಲಿಗೆ ಇರಲಿ, ಆದರೆ ಕೊಯ್ಲು ಮುಗಿದ ದಿನವೇ ಅದನ್ನು ಬಿಚ್ಚಿ, ಮಡಚಿ, ಮುಂದಿನ ವರ್ಷಕ್ಕೆ ಎತ್ತಿಡಿ.