ಕಾಲುವೆ ಕಟ್ಟಿದ ಊರುಗಳು



ರಾಯಚೂರಿನಿಂದ ಮಾನ್ವಿ ದಾಟಿ ಸಿಂಧನೂರಿನ ಕಡೆ ಬಸ್ ಹತ್ತಿದವರಿಗೆ ದಾರಿಯುದ್ದಕ್ಕೂ ‘ಕ್ಯಾಂಪ್’ ಎಂದು ಮುಗಿಯುವ ಊರ ಹೆಸರುಗಳು ಕಿವಿಗೆ ಬೀಳುತ್ತವೆ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ನೇರವಾದ ಬೀದಿ, ರಾಮಮಂದಿರ, ಕೆಲವು ಕಡೆ ಚರ್ಚು, ಕಟ್ಟೆಯ ಮೇಲೆ ತೆಲುಗು ಮಾತು. ಅರ್ಧ ಮೈಲಿ ಆಚೆಗೆ ಹಳೆಯ ಊರು. ಅಲ್ಲಿ ಅಗಸಿ, ಹನುಮಪ್ಪನ ಗುಡಿ, ರಾಯಚೂರು ಸೀಮೆಯ ಕನ್ನಡ. ಒಂದೇ ಪಂಚಾಯಿತಿಯಲ್ಲಿ ಹೀಗೆ ಎರಡು ಊರು, ಎರಡು ಮಾತು ಬಂದುದು ಹೇಗೆ? ಜನಸಂಖ್ಯೆಯ ಲೆಕ್ಕದಲ್ಲಿ ಅದು ಕಾಣುತ್ತದೆಯೇ? ಇವತ್ತಿನ ಮಾತು ಇದರ ಸುತ್ತ.

ತೆಲುಗು ಈ ನೆಲಕ್ಕೆ ಕಾಲುವೆಯ ಜೊತೆಯಲ್ಲೇ ಬಂತು ಎನ್ನುವಂತಿಲ್ಲ. ರಾಯಚೂರು ಕೋಟೆಯಲ್ಲಿ 1294ರ ತೆಲುಗು ಶಾಸನವಿದೆ. ನಲವತ್ತು ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿನ ಮೇಲೆ ಕೊರೆದದ್ದು. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ ರೆಡ್ಡಿ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬ್‌ಗಾಗಿ ಬಹಮನಿಗಳೂ ವಿಜಯನಗರದವರೂ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ್ದು ಇಲ್ಲಿಯೇ. ಮುಂದೆ ನಿಜಾಮರ ಆಳ್ವಿಕೆ ಬಂತು. 1853ರಲ್ಲಿ ನಿಜಾಮರು ಈ ದೋಆಬನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು, 1860ರಲ್ಲಿ ಅದು ಮರಳಿ ಅವರ ಕೈ ಸೇರಿತು. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ, ಮದರಾಸು ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಹತ್ತಿ ವ್ಯಾಪಾರಕ್ಕೆ ದಾರಿಯಾಯಿತು, ಪೇಟೆ ಬೆಳೆಯಿತು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಬೀಗರು ಅಲ್ಲಿ, ಹೊಲ ಇಲ್ಲಿ ಎಂಬಂಥ ಮನೆಗಳು ಎಷ್ಟೋ. ಅವರು ಕುಂತ ಜಾಗ ಬಿಟ್ಟು ಕದಲಲಿಲ್ಲ, ಅವರ ನಡುವೆ ಗಡಿ ಹಾದುಹೋಯಿತು.

ಅದೇ ಕಾಲಕ್ಕೆ ಇನ್ನೊಂದು ದೊಡ್ಡ ಬದಲಾವಣೆ ಶುರುವಾಗಿತ್ತು. 1945ರಲ್ಲಿ ಅಡಿಗಲ್ಲು ಕಂಡ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯಿತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಹಾದು ರಾಯಚೂರು ತಾಲೂಕಿಗೆ ಬರುತ್ತದೆ. ಯೋಜನೆಯ ಲೆಕ್ಕದಲ್ಲಿ ಹೆಚ್ಚಿನ ಹೊಲಗಳಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ; ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು. ಆದರೆ ಮಳೆ ನೋಡಿ ಬಿತ್ತಿದ ನಮ್ಮ ರೈತರಿಗೆ ಎರೆ ಹೊಲ ಸಮ ಮಾಡಿ ನೀರು ಕಟ್ಟುವುದು ಹೊಸದು, ಅದಕ್ಕೆ ಬೇಕಾದ ಬಂಡವಾಳವೂ ಇರಲಿಲ್ಲ.

ಆ ವಿದ್ಯೆ ಗೊತ್ತಿದ್ದವರು ಕೃಷ್ಣಾ, ಗೋದಾವರಿ, ಗುಂಟೂರು ಜಿಲ್ಲೆಗಳಿಂದ ಬಂದರು. ಅಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಹೊಲದ ಹತ್ತಿರವೇ ಗುಡಿಸಲು ಹಾಕಿದರು. ಹಿಂದೆಯೇ ನೆಂಟರು, ಊರವರು ಬಂದರು. ಗುಡಿಸಲು ಹೋಗಿ ಆರ್‌ಸಿಸಿ ಮನೆಗಳಾದವು. ರೈಸ್‌ಮಿಲ್ಲುಗಳೆದ್ದವು, ಸೋನಾಮಸೂರಿ ಅಕ್ಕಿಯ ಲಾರಿಗಳು ಹೊರಟವು. ಜ್ವಾಳದ ಸೀಮೆ ನೆಲ್ಲಿನ ಸೀಮೆಯಾಯಿತು.

ಇದನ್ನು ಬರೀ ಏಳಿಗೆಯ ಕಥೆಯಾಗಿ ಹೇಳಿದರೆ ಅರ್ಧ ಹೇಳಿದಂತೆ. ಒಳ್ಳೆಯ ರೇಟು ಬಂತೆಂದು ಹೊಲ ಮಾರಿದ ಎಷ್ಟೋ ಮಂದಿ ಅದೇ ಹೊಲದಲ್ಲಿ ನಾಟಿ ಹಚ್ಚುವ ಕೂಲಿಗಳಾದರು. ಮೇಲ್ಭಾಗದವರು ಭತ್ತ ಬೆಳೆದಷ್ಟೂ ಕೊನೆಭಾಗಕ್ಕೆ ನೀರು ಕಡಿಮೆ. ಮಾನ್ವಿ, ರಾಯಚೂರಿನ ರೈತರು ಇಂದಿಗೂ ಕಾಲುವೆಯ 104ನೇ ಮೈಲಿಯ ಕಡೆ ಕಣ್ಣಿಟ್ಟಿರುತ್ತಾರೆ. ಅಲ್ಲಿಯ ಗೇಜ್ ಪಟ್ಟಿಯಲ್ಲಿ ನೀರು ಎಷ್ಟು ಅಡಿ ಏರಿದೆ ಎನ್ನುವುದರ ಮೇಲೆ ಕೆಳಗಿನವರ ಬೆಳೆ ನಿಂತಿದೆ. “ಗೇಜ್ ಎಷ್ಟದ?” ಎನ್ನುವುದು ಇಲ್ಲಿ ಕುಶಲ ಪ್ರಶ್ನೆಯಷ್ಟೇ ಸಾಮಾನ್ಯ. ನೀರಿಗಾಗಿ ರಸ್ತೆಗಿಳಿದಾಗ ಕ್ಯಾಂಪಿನವರೂ ಹಳೆಯ ಊರಿನವರೂ ಒಟ್ಟಿಗೇ ಕೂಡುತ್ತಾರೆ.

ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪುಗಳ, ಅಂದರೆ ಪುನರ್ವಸತಿ ಕ್ಯಾಂಪುಗಳ, ಕಥೆ ಬೇರೆ. ಅಲ್ಲಿಗೆ ಬಂದವರು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾದ ಬಂಗಾಳಿಗಳು. ಸರ್ಕಾರವೇ ಅವರಿಗೆ ನೆಲೆ ಕೊಟ್ಟಿತು. ತುಂಗಭದ್ರೆಯ ನೀರುಂಡ ನೆಲದಲ್ಲಿ ಇಂದು ಬಂಗಾಳಿ ಮಾತೂ ಕೇಳುತ್ತದೆ.

ಇನ್ನು ಎಣಿಕೆಯ ವಿಚಾರ. ಹೋಲಿಕೆಗೆ ಫ್ರಾನ್ಸ್ ದೇಶವನ್ನು ನೋಡಿ: ಅಲ್ಲಿ ಸುಮಾರು 35 ಸಾವಿರ ಕಮ್ಯೂನ್‌ಗಳಿವೆ, ಅಂದರೆ ಸ್ಥಳೀಯ ಆಡಳಿತದ ಊರುಗಳು. ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಐನೂರು ಜನರೂ ಇಲ್ಲ. ಆದರೂ ಪ್ರತಿಯೊಂದಕ್ಕೂ ಮೇಯರ್ ಇದ್ದಾರೆ, ಪ್ರತಿಯೊಂದರ ಜನಸಂಖ್ಯೆಯೂ ಪ್ರತ್ಯೇಕವಾಗಿ ಪ್ರಕಟವಾಗುತ್ತದೆ. ನಮ್ಮಲ್ಲಿ ಎಣಿಕೆಗೆ ಆಧಾರ ಕಂದಾಯ ಗ್ರಾಮ. ಕ್ಯಾಂಪಾಗಲಿ, ತಾಂಡಾ ಆಗಲಿ, ಹಟ್ಟಿಯಾಗಲಿ, ಕಂದಾಯ ಗ್ರಾಮವಾಗುವ ತನಕ ಅದರ ಜನ ಪಕ್ಕದ ಊರಿನ ಅಂಕಿಯೊಳಗೆ ಸೇರಿಹೋಗುತ್ತಾರೆ. ಇಂಥ ದಾಖಲೆಯಿಲ್ಲದ ಜನವಸತಿಗಳಿಗೆ ಹಕ್ಕುಪತ್ರ ಕೊಡುವ ಕೆಲಸ ಕರ್ನಾಟಕದಲ್ಲಿ ಚುರುಕಾದದ್ದು ಈಚಿನ ವರ್ಷಗಳಲ್ಲಿ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದಾಗ ರಾಯಚೂರು ಜಿಲ್ಲೆಯ ತಾಂಡಾಗಳೂ ಅದರಲ್ಲಿದ್ದವು.

ಜಿಲ್ಲೆಯ ಅಂಕಿಯೂ ಸರಳವಲ್ಲ. 2011ರಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19,28,812. ಇದನ್ನು 1991ರ ಜನಗಣತಿ ಪುಸ್ತಕದ ಜೊತೆ ಇಟ್ಟು ನೋಡುವವರು ಜೋಕೆ: ಆಗಿನ ಜಿಲ್ಲೆ ಒಂಬತ್ತು ತಾಲೂಕಿನದು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅದರೊಳಗಿದ್ದವು. ಈಗಂತೂ ಮಾನ್ವಿಯಿಂದ ಸಿರವಾರ ಬೇರೆ ತಾಲೂಕಾಗಿದೆ. ಮಾನ್ವಿ ತಾಲೂಕಿನ ಹಳೆಯ ಅಂಕಿ ಇಂದಿನ ಮಾನ್ವಿಯದಲ್ಲ.

ದೇವದುರ್ಗದ ಕಡೆ ತಿರುಗಿದರೆ ಇನ್ನೊಂದು ತೊಡಕು. ಕೃಷ್ಣೆ ಪಕ್ಕದಲ್ಲೇ ಹರಿದರೂ ನಾರಾಯಣಪುರ ಬಲದಂಡೆ ಕಾಲುವೆ ಬರುವ ತನಕ ಈ ತಾಲೂಕು ಬಹುಪಾಲು ಮಳೆಯನ್ನೇ ನಂಬಿತ್ತು. ಇಂದಿಗೂ ಎಲ್ಲ ಊರಿಗೆ ನೀರಿಲ್ಲ. ಸುಗ್ಗಿ ಮುಗಿಯುತ್ತಲೇ ಗುಳೆ ಶುರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆಯ ಕಡೆಗೆ, ಗಂಡ-ಹೆಂಡತಿ ಕೂಸಿನೊಡನೆ ಹೊರಡುತ್ತಾರೆ. ಮನೆಯಲ್ಲಿ ಉಳಿಯುವುದು ಮುದುಕರು, ಶಾಲೆಯ ಮಕ್ಕಳು. ಮಳೆಗಾಲದ ಹೊತ್ತಿಗೆ ಮರಳುತ್ತಾರೆ. ನಮ್ಮ ಜನಗಣತಿ ನಡೆಯುವುದು ಫೆಬ್ರುವರಿಯಲ್ಲಿ. ಎಣಿಕೆಯ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಊರಲ್ಲಿ ಎಣಿಸುವುದಿಲ್ಲ, ಇದ್ದಲ್ಲಿಯೇ ಎಣಿಸಬೇಕು. ಕಟ್ಟಡದ ಪಕ್ಕದ ಶೆಡ್ಡಿಗೆ ಎಣಿಕೆಯವರು ಹೋಗದಿದ್ದರೆ ಆ ಸಂಸಾರ ಎರಡೂ ಕಡೆ ಲೆಕ್ಕಕ್ಕಿಲ್ಲ. ಹೀಗಾಗಿ ಮಾನ್ವಿಯ ಅಂಕಿಯಲ್ಲಿ ನೀರು ಅರಸಿ ಬಂದವರಿದ್ದರೆ, ದೇವದುರ್ಗದ ಅಂಕಿಯಲ್ಲಿ ಕೂಲಿ ಅರಸಿ ಹೋದವರಿಲ್ಲ.

ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರುವರಿಯಲ್ಲಿ ಎಂದು ಪ್ರಕಟವಾಗಿದೆ. ಮತ್ತೆ ಗುಳೆಯ ಕಾಲವೇ. ಹೊರಗೆ ದುಡಿಯಲು ಹೋದವರು ಅಲ್ಲಿಯೇ ಹೆಸರು ಬರೆಸಲಿ, ಹುಟ್ಟಿದೂರು ಕೇಳಿದರೆ ಜಿಲ್ಲೆಯ ಹೆಸರು ತಪ್ಪದೆ ಹೇಳಲಿ. ಕ್ಯಾಂಪಿನವರು ಮನೆಮಾತು ತೆಲುಗಾದರೆ ತೆಲುಗೆಂದೇ, ಬಂಗಾಳಿಯಾದರೆ ಬಂಗಾಳಿಯೆಂದೇ ಬರೆಸಲಿ. ಬಲ್ಲ ಇತರ ಭಾಷೆಗಳ ಕಾಲಮ್ಮಿನಲ್ಲಿ ಕನ್ನಡಕ್ಕೂ ಜಾಗವಿದೆ. ಶಾಲೆ, ರೇಷನ್, ಆಸ್ಪತ್ರೆ ಎಲ್ಲವೂ ಈ ಲೆಕ್ಕದ ಮೇಲೆಯೇ ಬರುವುದರಿಂದ, ಎಣಿಕೆಯವರು ಬಾಗಿಲಿಗೆ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಊರಿಗೆ ಮಾಡುವ ಉಪಕಾರ.