ಇತಿಹಾಸದ ಶಿಕ್ಷಕರನ್ನೂ ಓದಿಸೋಣ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ)



 

ವರ್ಷದ ಲೆಕ್ಕಪತ್ರ ಈ ವರದಿಯ ಬೇರೆ ಪುಟಗಳಲ್ಲಿದೆ. ಇಲ್ಲಿ ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಹುಡುಗಿ ಇತಿಹಾಸ ಓದಿ ಬಿ.ಎ. ಮುಗಿಸಿ ಬಿ.ಎಡ್. ಸೇರಿದ್ದಳು. ನಮ್ಮ ಅರ್ಜಿ ನಮೂನೆಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್, ಡಿಪ್ಲೊಮಾ ಎಂಬ ಕಲಂಗಳಿದ್ದವು, ಬಿ.ಎಡ್. ಇರಲಿಲ್ಲ. ಅವಳು "ಇತರೆ" ಎಂದು ಬರೆದುಕೊಟ್ಟಳು. ಸಮಿತಿಯಲ್ಲಿ ಆ ಅರ್ಜಿ ಬಂದಾಗ "ಇದಕ್ಕೇನೂ ಅಷ್ಟು ಖರ್ಚಿಲ್ಲವಲ್ಲ" ಎಂದು ಪಕ್ಕಕ್ಕಿಟ್ಟೆವು.

ಎರಡನೇ ವರ್ಷದಲ್ಲಿ ಅವಳು ಓದು ನಿಲ್ಲಿಸಿದ ಸುದ್ದಿ ನಮಗೆ ತಡವಾಗಿ ತಿಳಿಯಿತು. ಮನೆಗೆ ಹೋಗಿ ವಿಚಾರಿಸಿದೆವು. ಫೀಸನ್ನು ಅವರು ಹೇಗೋ ಕಟ್ಟಿದ್ದರು. ಕಷ್ಟವಾದದ್ದು ಇಂಟರ್ನ್‌ಶಿಪ್. ಮಕ್ಕಳಿಗೆ ಟ್ಯೂಷನ್ ಹೇಳಿ ಬರುತ್ತಿದ್ದ ಹಣದಲ್ಲಿ ಅವಳು ಓದುತ್ತಿದ್ದಳು. ಅವಳಿಗೆ ಕೊಟ್ಟ ಪ್ರೌಢಶಾಲೆ ದೂರ, ಎರಡು ಬಸ್ ಬದಲಿಸಬೇಕು. ಮನೆಗೆ ಬರುವಷ್ಟರಲ್ಲಿ ಕತ್ತಲೆ. ಟ್ಯೂಷನ್ ನಿಂತಿತು, ಬಸ್ಸಿನ ಖರ್ಚು ಹೆಚ್ಚಿತು. "ನಿಮ್ಮ ಹತ್ತಿರ ಮತ್ತೆ ಕೇಳಲು ಸಂಕೋಚವಾಯಿತು ಸಾರ್" ಎಂದು ಆ ತಾಯಿ ಹೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಮೇಲೆಯೇ ನಾವು ಈ ಪದವಿಯನ್ನು ಸರಿಯಾಗಿ ತಿಳಿದುಕೊಂಡೆವು. 2015ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, 2014ರ ನಿಯಮದಂತೆ ಒಟ್ಟು 20 ವಾರ ಶಾಲೆಯಲ್ಲಿರಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. ಪಾಠ ಯೋಜನೆ ಬರೆಯುವುದು, ತರಗತಿಯಲ್ಲಿ ಪಾಠ ಮಾಡುವುದು, ಪ್ರಶ್ನೆಪತ್ರಿಕೆ ತಯಾರಿಸುವುದು ಎಲ್ಲವೂ ಆಗ ನಡೆಯುತ್ತದೆ. ನಮ್ಮ ರಾಜ್ಯದ ಪ್ರೌಢಶಾಲೆಯಲ್ಲಿ ಇತಿಹಾಸ ಪ್ರತ್ಯೇಕ ವಿಷಯವಲ್ಲ, ಸಮಾಜ ವಿಜ್ಞಾನದ ಭಾಗ. ಹಾಗಾಗಿ ಇತಿಹಾಸ ಓದಿದವರು ಭೂಗೋಳದ ನಕ್ಷೆಯನ್ನೂ ಅರ್ಥಶಾಸ್ತ್ರವನ್ನೂ ಕಲಿಸಲು ಸಿದ್ಧರಾಗಬೇಕು.

ಪಿಯುಸಿ ಮುಗಿಸಿದವರಿಗೆ ಇನ್ನೊಂದು ದಾರಿಯಿದೆ. ನಾಲ್ಕು ವರ್ಷದ ಸಂಯೋಜಿತ ಬಿ.ಎ.ಬಿ.ಎಡ್. ಓದಿದರೆ, ಮೂರು ಮತ್ತು ಎರಡು ಸೇರಿ ಐದು ವರ್ಷವಾಗುವಲ್ಲಿ ಒಂದು ವರ್ಷ ಉಳಿಯುತ್ತದೆ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ಪದವಿಗಳನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ.

"ಇತಿಹಾಸ ಕಲಿಸುವವರಿಗೆ ಯಾಕೆ ಹಣ?" ಎಂದು ಕೆಲವು ಹಿತೈಷಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. ಬೀದರಿನಲ್ಲಿ ಮಹಮೂದ್ ಗವಾನ್ ಕಟ್ಟಿಸಿದ, 1472ರಲ್ಲಿ ಪೂರ್ಣಗೊಂಡ ಮದರಸಾ ಇದೆ. ಮುಂದೆ ಸ್ಫೋಟವೊಂದರಲ್ಲಿ ಅದರ ಒಂದು ಭಾಗ ನೆಲಕ್ಕುರುಳಿತು. ತರಬೇತಿಯಿಲ್ಲದ ಶಿಕ್ಷಕರು ಇಸವಿ ಬರೆಸಿ ಮುಗಿಸುತ್ತಾರೆ. ತರಬೇತಿ ಪಡೆದವರು ಉಳಿದ ಗೋಡೆಯ ಬಣ್ಣದ ಹೆಂಚುಗಳನ್ನು ತೋರಿಸಿ, ಈ ಕುಸುರಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಅದೇ ಕಾಲಕ್ಕೆ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಶ್ರೀಮಂತರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಬರೆದಿಟ್ಟದ್ದನ್ನು ಹೇಳಿ, ಎರಡನ್ನೂ ಮಕ್ಕಳ ಮುಂದಿಡುತ್ತಾರೆ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಅವರಿಗೆ ಹೇಗೆ ಗೊತ್ತು? ಮೊಬೈಲಿನಲ್ಲಿ ಹಳೆಯ ಕಾಲದ ಬಗ್ಗೆ ದಿನಕ್ಕೊಂದು ಮಾತು ಬರುವ ಈ ದಿನಗಳಲ್ಲಿ, ಹತ್ತನೇ ತರಗತಿಯ ಮಗುವಿಗೆ ಈ ಮೂರು ಪ್ರಶ್ನೆ ಕಲಿಸುವವರು ಬೇಕು. ಆ ಮಗು ಯಾರ ಮನೆಯದೇ ಆಗಿರಲಿ.

ಆದ್ದರಿಂದ ಈ ಸಾಲಿನಿಂದ ಅರ್ಜಿಯಲ್ಲಿ ಬಿ.ಎಡ್. ಮತ್ತು ಬಿ.ಎ.ಬಿ.ಎಡ್. ಕಲಂ ಸೇರಿಸಿದ್ದೇವೆ. ಫೀಸಿನ ಸಹಾಯದ ಜೊತೆಗೆ ಇಂಟರ್ನ್‌ಶಿಪ್ ತಿಂಗಳುಗಳಲ್ಲಿ ಪ್ರಯಾಣ ಮತ್ತು ಊಟದ ಖರ್ಚನ್ನು ತಿಂಗಳ ಆರಂಭದಲ್ಲೇ ವಿದ್ಯಾರ್ಥಿಯ ಖಾತೆಗೆ ಹಾಕುತ್ತೇವೆ.

ಕುಟುಂಬದವರಲ್ಲಿ ನಮ್ಮ ವಿನಂತಿ: ಸೇರುವ ಮೊದಲು ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ ಎಂದು ನೋಡಿ. ತರಗತಿಗೆ ಬರದೆಯೇ ಪ್ರಮಾಣಪತ್ರ ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ನಂಬಬೇಡಿ. ಅರ್ಜಿಯೊಂದಿಗೆ ಅಂಕಪಟ್ಟಿ, ಪ್ರವೇಶ ಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇರಲಿ. ಇಂಟರ್ನ್‌ಶಿಪ್ ಶಾಲೆಯ ಆದೇಶ ಬಂದ ಕೂಡಲೇ ಅದರ ಪ್ರತಿಯನ್ನು ತಲುಪಿಸಿ. ಮುಖ್ಯವಾಗಿ, ಕಷ್ಟ ಬಂದಾಗ ಸಂಕೋಚಪಡದೆ ತಿಳಿಸಿ.

ಬಿ.ಎಡ್. ಮುಗಿಸಲು ಪ್ರವೇಶದಿಂದ ಮೂರು ವರ್ಷದ ತನಕ ಅವಕಾಶವಿದೆ. ಆ ಹುಡುಗಿಗೆ ಉಳಿದಿರುವುದು ಈ ಒಂದೇ ವರ್ಷ. ಅವಳು ಮತ್ತೆ ಕಾಲೇಜಿಗೆ ಹೋಗಿ ಹೆಸರು ಬರೆಸಿದ್ದಾಳೆ. ಈ ಸಾಲಿನ ಮೊದಲ ಬಿ.ಎಡ್. ಅರ್ಜಿ ಅವಳದೇ. ತಾವು ಕೊಟ್ಟ ಹಣದಿಂದ ಅವಳು ಈ ಸಲ ಆ ಎರಡು ಬಸ್ ಹತ್ತುತ್ತಾಳೆ, ಇನ್‌ಶಾ ಅಲ್ಲಾಹ್.